ಫಿಸಿಕ್ಸ್ ಹೇಳಿಕೊಡುವ ಗೆಳತಿ

ಜಾಣಮ್ಮ,

ಹಾಲು ಕಾಯಿಸಿಟ್ಟಿದ್ದೇನೆ. ಇಸ್ತ್ರಿ ಮಾಡಿದ ಬಟ್ಟೆ ಮುದುರಬೇಡ.

ಫಿಸಿಕ್ಸ್, ಮ್ಯಾಥ್ಸ್ ಎರಡನ್ನೂ ಲೈಬ್ರರಿಯಲ್ಲಿ ಗೆಳತಿ ಹೇಳಿಕೊಡುತ್ತಾಳೆ ಎಂದು ನನ್ನ ಕಿವಿಯ ಮೇಲೆ ಹೂ ಇಡುತ್ತಿದ್ದೀಯಲ್ಲ, ನಿನ್ನೆ ಸಂಜೆ ಅವಳೇ ಮನೆಗೆ ಬಂದಿದ್ದಳು. "ಆಂಟಿ, ಅವಳಿಗೆ ಎಲ್ಲಾ ಲೆಕ್ಕಾನೂ ಬರುತ್ತೆ, ನನಗೂ ಸ್ವಲ್ಪ ಹೇಳಿಕೊಡೋಕೆ ಹೇಳಿ" ಅಂದಳು. ಯಾವನೋ ಹುಡುಗ ಇರಬೇಕು ಎಂದುಕೊಂಡು ನೇರ ಲೈಬ್ರರಿಗೆ ಬಂದೆ.

ಕಿಟಕಿಯಿಂದ ನೋಡಿದರೆ ನಿನ್ನ ಅಪ್ಪ! ಪುಸ್ತಕವನ್ನು ಓರೆಯಾಗಿ ಹಿಡಿದು, ಅದರ ಮೇಲೆ ರಬ್ಬರ್ ಜಾರಿಸುತ್ತಾ ಘರ್ಷಣೆಯ ಪಾಠ ಹೇಳುತ್ತಿದ್ದರು. ನೀನು ನಗುತ್ತಿದ್ದೆ. ನಾನೂ ಅವರೂ ಬೇರೆಯಾದ ಮೇಲೆ ನೀನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಒಳಗೆ ಕಾಲಿಡದೆ ವಾಪಸ್ ಬಂದೆ. ರಾತ್ರಿ ಕೇಳುವ ಬದಲು ಈಗ ಈ ಚೀಟಿ ಬರೆಯುತ್ತಿದ್ದೇನೆ.

ಆದರೂ ನನ್ನ ಅನುಮಾನ ಹೋಗಿಲ್ಲ. ಅವರು ಬರುವುದು ಬರೀ ಲೆಕ್ಕ ಹೇಳಿಕೊಡುವುದಕ್ಕೋ, ನನ್ನ ವಿಷಯ ಕೆದಕುವುದಕ್ಕೋ? ಏನೇನು ಕೇಳಿದರು? ನೀನೇನು ಬಾಯಿಬಿಟ್ಟೆ? ನಾನು ಕೆಲಸದಿಂದ ಬಂದ ಮೇಲೆ ಒಂದೂ ಬಿಡದೆ ಹೇಳಬೇಕು.

ಪರೀಕ್ಷೆ ಮುಗಿಯುವವರೆಗೆ ನಿನ್ನ ಅಪ್ಪ ಇಲ್ಲೇ ಬಂದು ಹೇಳಿಕೊಡಲಿ. ಊಟದ ಮೇಜು ಒರೆಸಿಟ್ಟಿದ್ದೇನೆ. ನಾನು ಅಡುಗೆಮನೆಯಲ್ಲೇ ಇರುತ್ತೇನೆ, ನಡುವಿನ ಬಾಗಿಲು ಮಾತ್ರ ಹಾಕಬೇಡಿ.

ಅಮ್ಮ