ಅಮ್ಮನ ಒಂಬತ್ತು ಗಂಟೆಗೆ ಒಂದಿಷ್ಟು ಹಾಡು

ಮಾರ್ಚ್ ೯, ಸೋಮವಾರ

ಇನ್ನು ನಾಲ್ಕೇ ದಿನ. ವಿಮಾನದಲ್ಲಿ ಒಂಬತ್ತು ಗಂಟೆ ಅಮ್ಮನನ್ನು ಹೇಗೆ ಕೂರಿಸುವುದು ಅನ್ನುವುದೇ ತಲೆಯೊಳಗೆ ಗುಂಯ್‌ಗುಡುತ್ತಿದೆ. ಹನ್ನೊಂದು ವರ್ಷ ಅಮ್ಮನ ಜೊತೆ ಮಾತು ಬಿಟ್ಟಿದ್ದ, ಹೊರದೇಶದಲ್ಲಿರುವ ದೊಡ್ಡಮ್ಮ ತಾನಾಗಿ ಫೋನ್ ಮಾಡಿ, "ಒಂದ್ಸಲ ಬಂದು ಹೋಗೇ" ಅಂದಿದ್ದಾಳೆ. ಅಮ್ಮನಿಗೆ ಹೋಗುವ ಆಸೆ, ಹಾರುವ ಭಯ.

ಇವತ್ತು ಅಂಗಡಿಗೆ ಕರೆದುಕೊಂಡು ಹೋದೆ. ವಿಮಾನದಲ್ಲಿ ನೋಡುತ್ತಾ ಕೂರಲಿ ಎಂದು ನಮ್ಮ ಕೈಗೆಟುಕುವ ಬೆಲೆಯ ಟ್ಯಾಬ್ಲೆಟ್ಟಿನಲ್ಲಿ ಸಿನಿಮಾ ಹಾಕಿಸಿದೆ. "ಇರುವೆ ಸಾಲು ಹೋದ ಹಾಗಿದೆ ಕಣೋ" ಅಂದಳು. ಅವಳ ಕಣ್ಣಿಗೆ ಪೊರೆ ಬಂದಿದೆ. ಅದು ನನಗೆ ಹೊಳೆದೇ ಇರಲಿಲ್ಲ. ಆಗ ಅಂಗಡಿಯಾಕೆ ಬೆಂಕಿಪೊಟ್ಟಣದಷ್ಟೇ ಇರುವ, ಹಳೆಯ ಹಾಡುಗಳನ್ನು ತುಂಬಿದ ಅಗ್ಗದ ಪ್ಲೇಯರ್ ಒಂದನ್ನು ಕೊಟ್ಟು, ಅಮ್ಮನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಬಟನ್ನುಗಳು ದಪ್ಪ, ಬೆರಳಿಗೇ ಗೊತ್ತಾಗುತ್ತವೆ.

ಅಮ್ಮ ಕಣ್ಣು ಮುಚ್ಚಿದಳು. ಬಿಗಿದಿದ್ದ ಮುಖ ಮೋಡದ ಮೇಲೆ ತೇಲುವಂತೆ ಸಡಿಲವಾಯಿತು. "ಅಕ್ಕ ನಂಗೆ ಜಡೆ ಹಾಕ್ತಾ ಹೇಳ್ತಿದ್ದ ಹಾಡು" ಅಂದಳು. ಆಮೇಲೆ ಒಂದು ಕಿವಿಯದನ್ನು ತೆಗೆದು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಳು. "ಇದು ಅವಳಿಗೆ. ಜಗಳ ಶುರುವಾಗೋ ಮುಂಚೆ ಕೇಳಿಸ್ಬಿಡ್ಬೇಕು."

ಅದನ್ನೇ ಕೊಂಡೆವು. ಈಗ ಪಕ್ಕದ ಕೋಣೆಯಲ್ಲಿ ಸಣ್ಣಗೆ ಗುನುಗುತ್ತಿದ್ದಾಳೆ. ನನಗೂ ಕಣ್ಣು ಎಳೆಯುತ್ತಿದೆ. ಮಂಚ ನೆಲ ಬಿಟ್ಟು ಮೆಲ್ಲಗೆ ಮೇಲೆದ್ದ ಹಾಗೆ, ಕಿಟಕಿಯಾಚೆ ಬರೀ ಬಿಳುಪು, ಅಮ್ಮ ನನ್ನ ಪಕ್ಕದಲ್ಲೇ...