ಬೆಟ್ಟದ ವಾರ್ನಿಷ್ ಕೆರೆಸಿದವರಿಗೆ

ಮಾನ್ಯ ಬೆಟ್ಟ ಸಂರಕ್ಷಣಾಧಿಕಾರಿಗಳೇ,

ಸಿಯೆರಾ ಪಾರ್ದಾ ಬೆಟ್ಟಸಾಲಿನ ಕುರಿ ಕಣಿವೆಯಲ್ಲಿ ದಕ್ಷಿಣದ ಬಂಡೆಗೋಡೆಯನ್ನು ತಾವು ಮರಳು ಚಿಮ್ಮುವ ಯಂತ್ರದಿಂದ ಸ್ವಚ್ಛಗೊಳಿಸಿದ್ದೀರಿ. ಬಂಡೆ ಈಗ ಹೊಸ ಬ್ಯಾಂಕಿನ ಕಟ್ಟಡದಂತೆ ಬೆಳ್ಳಗಿದೆ. ಅದರ ಮೇಲಿದ್ದ ಕಾಡುಕುರಿಗಳ ಚಿತ್ರಗಳು ಇಲ್ಲ. ಸೋಮವಾರ ಉತ್ತರದ ಗೋಡೆಯ ಸರದಿ ಎಂದು ನಿಮ್ಮವರೇ ನಾನು ನಡೆಸುವ ಹೋಟೆಲಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಪತ್ರ.

ಇಷ್ಟಕ್ಕೆಲ್ಲ ಕಾರಣ ಒಂದು ಪದ. ಈ ಮರುಭೂಮಿಯ ಬಂಡೆಗಳ ಮೇಲಿರುವ ಕಪ್ಪುಕಂದು ಹೊಳಪನ್ನು ನಾವು ವಾರ್ನಿಷ್ ಎನ್ನುತ್ತೇವೆ. ಭೂವಿಜ್ಞಾನಿಗಳೂ ಹಾಗೆಯೇ ಎನ್ನುತ್ತಾರೆ. ಗಾಳಿ ತಂದ ಜೇಡಿಯ ದೂಳು, ಒಂದಿಷ್ಟು ಕಬ್ಬಿಣ, ಮ್ಯಾಂಗನೀಸ್, ಅಪರೂಪಕ್ಕೆ ಬೀಳುವ ಹನಿ ಮಳೆ, ಇವು ಸೇರಿ ಅದು ಬಂಡೆಗೆ ಹತ್ತುತ್ತದೆ. ಸಾವಿರಾರು ವರ್ಷ ಕೂಡಿದರೂ ಕೂದಲೆಳೆಯ ದಪ್ಪ ಬಂದರೆ ಹೆಚ್ಚು. ಹಿಂದಿನವರು ಅದನ್ನು ಕಲ್ಲಿನಿಂದ ಕುಟ್ಟಿ, ಒಳಗಿನ ತಿಳಿಬಣ್ಣ ಕಾಣುವಂತೆ ಮಾಡಿ ಚಿತ್ರ ಬಿಡಿಸಿದರು. ಸುತ್ತಲಿನ ಕಪ್ಪು ಹೋದರೆ ಚಿತ್ರವೂ ಹೋಯಿತು.

ನನ್ನ ನೆರೆಯ ರಮೋನಾ ಆಂಟೋನ್ ಚಳಿಗಾಲದಲ್ಲಿ ತಮಗೊಂದು ದೂರು ಕೊಟ್ಟಿದ್ದರು. ಪ್ರವಾಸಿಗಳು ಹೆಸರು ಗೀಚಿ ಬಂಡೆಯ ವಾರ್ನಿಷ್ ಹಾಳು ಮಾಡುತ್ತಿದ್ದಾರೆ, ಕ್ರಮ ಕೈಗೊಳ್ಳಿ ಎಂದು. ತಾವು ಕೈಗೊಂಡಿರಿ. ಸಾರ್ವಜನಿಕ ಬಂಡೆಗೆ ಅನುಮತಿಯಿಲ್ಲದೆ ವಾರ್ನಿಷ್ ಬಳಿಯಲಾಗಿದೆ ಎಂದು ತೀರ್ಮಾನಿಸಿ, ಅದನ್ನು ತೆಗೆಯಲು ಆದೇಶ ಹೊರಡಿಸಿದಿರಿ. ಒಂದು ದೂರಿಗೆ ಇಷ್ಟು ಬೇಗ ಕೆಲಸವಾದದ್ದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ನೆನಪಿಲ್ಲ. ಆದರೆ ಇಡೀ ಬೆಟ್ಟಕ್ಕೆ ವಾರ್ನಿಷ್ ಬಳಿಯುವಷ್ಟು ಪುರುಸೊತ್ತು ಯಾರಿಗಿತ್ತು ಎಂಬ ಪ್ರಶ್ನೆ, ಆ ಕಡತ ಹಾದುಹೋದ ಯಾವ ಮೇಜಿನ ಮೇಲೂ ಏಳಲಿಲ್ಲವೇ?

ಯಂತ್ರದ ಸದ್ದು ಕೇಳಿ ನಾವಿಬ್ಬರೂ ಕಣಿವೆ ತಲುಪುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಮೇಸ್ತ್ರಿ ಮರ್ಯಾದಸ್ಥ. ಯಂತ್ರ ನಿಲ್ಲಿಸಿ ಆದೇಶ ತೋರಿಸಿದ.

"ವಾರ್ನಿಷ್ ತೆಗೀರಿ ಅಂತ ಬರ್ದಿದಾರೆ ಅಮ್ಮ. ಯಾರು ಬಳ್ದಿದ್ರೋ, ಒಳ್ಳೆ ಗಟ್ಟಿ ಮಾಲು."

"ಗಾಳಿ ಬಳ್ದಿದ್ದು ಕಣಪ್ಪ," ಎಂದರು ರಮೋನಾ. "ಅದ್ರ ಮೇಲೆ ಕೇಸ್ ಹಾಕ್ತೀರಾ?"

ಮೇಸ್ತ್ರಿ ನಕ್ಕ. ಆಮೇಲೆ ತಿರುಗಿ ಗೋಡೆ ನೋಡಿದ, ಮತ್ತೆ ನಗಲಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದ. ಆದೇಶ ಲಿಖಿತವಾಗಿದೆ, ಬಾಯಿಮಾತಿನಲ್ಲಿ ನಿಲ್ಲಿಸಲು ಬರುವುದಿಲ್ಲ ಎಂಬ ಉತ್ತರ ಬಂತು. ಉಳಿದದ್ದೂ ಬೆಳ್ಳಗಾಯಿತು.

ಆ ಕುರಿಗಳನ್ನು ಬಿಡಿಸಿದವರು ರಮೋನಾ ಅವರ ಹಿರಿಯರು. ಅವರ ಅಜ್ಜಿ ಒಂದೊಂದು ಕುರಿಯನ್ನೂ ತೋರಿಸಿ ಗುರುತು ಹೇಳಿಕೊಟ್ಟಿದ್ದರು. ಮೊಮ್ಮಗಳಿಗೆ ತೋರಿಸಲು ರಮೋನಾ ಅವರಿಗೆ ಈಗ ಉಳಿದಿರುವುದು ಉತ್ತರದ ಗೋಡೆ ಮಾತ್ರ. ಅಲ್ಲಿನ ಟಗರೊಂದಕ್ಕೆ ಹಿಂಗಾಲಿಲ್ಲ. ಕೆತ್ತುತ್ತಿದ್ದವನನ್ನು ಊಟಕ್ಕೆ ಕರೆದರಂತೆ, ಎದ್ದು ಹೋದನಂತೆ. ಅಜ್ಜಿ ಹೇಳಿದ್ದು ಅಷ್ಟೇ.

ಅಕ್ರಮ ವಾಸಿಗಳ ವಿಷಯವೂ ಇದೆ. ಚಕ್‌ವಾಲಾ ಎಂಬ ದಪ್ಪನೆಯ ಕಪ್ಪು ಓತಿ ಕಪ್ಪು ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಂಡರೆ ಆಕಾಶದಿಂದ ಕಾಣುತ್ತಿರಲಿಲ್ಲ. ಬಂಡೆ ಬೆಳ್ಳಗಾದ ಸುದ್ದಿ ಗಿಡುಗಗಳಿಗೆ ತಲುಪಿದೆ, ಓತಿಗಳಿಗೆ ಇನ್ನೂ ತಲುಪಿಲ್ಲ.

ನಿನ್ನೆ ತಮ್ಮ ಕಚೇರಿಯಿಂದ ಪರಿಹಾರದ ಪತ್ರವೂ ಬಂತು. ತೆಗೆದ ವಾರ್ನಿಷನ್ನು ಮರಳಿ ಬಳಿಸಲು ಟೆಂಡರ್ ಕರೆಯಲಾಗುವುದಂತೆ. ಅಕ್ರೋಟ್ ಬಣ್ಣ, ಗ್ಯಾರಂಟಿ ಸಮೇತ. ರಮೋನಾ ಓದಿ ಪಕ್ಕಕ್ಕಿಟ್ಟರು. "ಕುರಿಗಳ್ನೂ ಅವ್ರೇ ಬರೀತಾರಂತಾ?" ಎಂದು ನನ್ನನ್ನು ಕೇಳಿದರು. ಟೆಂಡರಿನಲ್ಲಿ ಆ ಬಗ್ಗೆ ಏನೂ ಇರಲಿಲ್ಲ.

ಆದ್ದರಿಂದ ಟೆಂಡರ್ ಕೈಬಿಡಿ. ಉತ್ತರದ ಗೋಡೆಯ ಆದೇಶವನ್ನು ರದ್ದುಪಡಿಸಿ, ಲಿಖಿತವಾಗಿಯೇ. ಆಮೇಲೆ ಎರಡೂ ಗೋಡೆಗಳಿಗೆ ಏನೂ ಮಾಡಬೇಡಿ. ಕಚೇರಿಗೆ ಅಭ್ಯಾಸವಿರುವ ಕೆಲಸವನ್ನೇ ಕೇಳುತ್ತಿದ್ದೇನೆ.

ರದ್ದಾಗದಿದ್ದರೆ ಸೋಮವಾರ ರಮೋನಾ ಮತ್ತು ಅವರ ಮೊಮ್ಮಗಳು ಉತ್ತರದ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಅವರಿಬ್ಬರಿಗೂ ಯಾರೂ ವಾರ್ನಿಷ್ ಬಳಿದಿಲ್ಲ ಎಂಬುದನ್ನು ಈಗಲೇ ಲಿಖಿತವಾಗಿ ತಿಳಿಸುತ್ತಿದ್ದೇನೆ.

ಇಂತಿ,
ಇನ್ನು ಮುಂದೆ ಪ್ರತಿ ದೂರಿಗೂ ಪದಕೋಶ ಲಗತ್ತಿಸಲಿರುವ,
ಹ್ಯಾರಿಯೆಟ್ ಬೊಹಾನನ್
ಕುರಿ ಕಣಿವೆ ತಿರುವು, ಅರಿಜೋನಾ