ಆಚಿ ಬದಿ ಕಿಟಕಿ

ಅಪ್ಪಾ,

ಇದು ನಿನಗ ಮುಟ್ಟೂದಿಲ್ಲಂತ ಗೊತ್ತಿದ್ದೂ ಬರ್ಯಾಕ ಕುಂತೇನಿ.

ಇವತ್ತ ಮುಂಜಾನೆ, ನೀ ರೈಲ್ವೆ ಗೇಟ್ ಕಾಯತಿದ್ದ ಜಾಗಾಕ್ಕ ಹೋಗಿದ್ದೆ. ಗೇಟ್ ಇಲ್ಲ, ರಸ್ತೆ ಈಗ ಹಳಿ ಕೆಳಗ ಹಾದು ಹೋಗತೈತಿ. ನಿನ್ನ ಖೋಲಿಯೊಳಗ ಎಕ್ಕಿ ಗಿಡ ಬೆಳದೈತಿ. ಪ್ಯಾಸೆಂಜರ್ ಗಾಡಿ ಬಂದ್ ಆಗಿ ಹತ್ತು ವರ್ಷಾತು. ವಾರಕ್ಕೊಮ್ಮೆ ಗೋದಾಮಿಗೆ ಗೊಬ್ಬರದ ಗೂಡ್ಸ್ ಬರತೈತಿ, ಅಷ್ಟ.

ಮೊದಲ ಸಪ್ಪಳ ಬಂತು. ಆಮ್ಯಾಲೆ ಮಂಜಿನ್ಯಾಗಿಂದ ಇಂಜಿನ್ನು ನಿದ್ದಿಗಣ್ಣಾಗ ನಡದಂಗ ಬಂತು. ನೀ ಹೋದ ಮ್ಯಾಲೆ ಟ್ರಂಕಿನ್ಯಾಗ ಸಿಕ್ಕ ಹಸರ ಝಂಡಾ ಹಿಡಕೊಂಡು, ನೀ ನಿಲ್ಲತಿದ್ದ ಬದಿಗೇ ನಿಂತೆ. ಡ್ರೈವರ್ ತಲಿ ಹೊರಗ ಹಾಕಿ, "ಅಕ್ಕಾರ, ಯಾರಿಗ್ರಿ ಝಂಡಾ?" ಅಂತ ಒದರಿದ. ನಾ ಬರೇ ನಕ್ಕೆ. ಕಡೀ ಡಬ್ಬಿ ದಾಟೂತನಕ ಕೈ ಇಳಸಬಾರದು ಅಂತ ನೀ ಹೇಳತಿದ್ದೆಲಾ, ಇಳಸಲಿಲ್ಲ. ಕಡೀಕ ಝಂಡಾ ತೋರಸಾಕ ಗಾರ್ಡನೂ ಇರಲಿಲ್ಲ. ಒಂದು ಕೆಂಪು ದೀಪ ಮಿಣಮಿಣ ಅನಕೋತ ಮಂಜಿನ್ಯಾಗ ಕರಗಿತು.

ಕೈ ಭಾಳ ಸೋತಿತ್ತಪ್ಪಾ.

ರಾಜಶೇಖರನ್ನ ಮದಿವ್ಯಾಗತೇನಿ ಅಂತ ನಾ ಸಿಟ್ಟಿಲೆ ಮನಿ ಬಿಟ್ಟು ಪ್ಯಾಸೆಂಜರ್ ಹತ್ತಿದ ದಿನಾನೂ ನೀ ಇಲ್ಲೇ ಹಿಂಗ ನಿಂತಿದ್ದಿ. ನಾ ಬೇಕಂತ ಆಚಿ ಬದಿ ಕಿಟಕಿಗೆ ಕುಂತಿದ್ದೆ. ಡಬ್ಬಿ ಖಾಲಿ ಇತ್ತು. ಈಚಿ ಬದಿಗೆ ಬರಾಕ ನಾಕ ಹೆಜ್ಜಿ.

ಆವತ್ತ ನೀ ಒಂದೊಂದ ಕಿಟಕಿ ನೋಡಿರತಿ. ಇವತ್ತ ನಾನೂ ನೋಡಕೋತ ನಿಂತೆ.

ಗೂಡ್ಸಿಗೆ ಕಿಟಕಿ ಇರೂದಿಲ್ಲ ಅನ್ನೂದ ಮರತಿದ್ದೆ.